ಕನ್ನಡ ಮೇಷ್ಟ್ರ ಆದರ್ಶ ರೂಪ

ನಾನು ಕನ್ನಡ ಮೇಷ್ಟ್ರು. ಗಣಿತಕ್ಕೂ ನನಗೂ ಹಳೆಯ ಜಗಳ. ಹತ್ತನೆಯ ತರಗತಿಯಲ್ಲಿ ಅದು ನನ್ನನ್ನು ಎರಡು ಸಲ ಕೆಡವಿ, ಮೂರನೆಯ ಸಲ ತಾನೇ ಬೇಸತ್ತು ಬಿಟ್ಟುಕೊಟ್ಟಿತು. ಅಂಥ ನನಗೆ ಮಸ್ಕಿಯ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಒಂದು ಮುಂಜಾನೆ, "ಗಣಿತದ ಮೇಡಂ ಹೆರಿಗಿ ರಜಾದ ಮ್ಯಾಲೆ ಅದಾರ. ಹೊಸಬರು ಬರೂತನಕ ಒಂದು ವಾರ ಒಂಬತ್ತನೇ ಕ್ಲಾಸಿನ ಗಣಿತ ನೀವ ಸಂಭಾಳಿಸ್ರಿ" ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಟೇಹೋಗಿದ್ದರು.

ಪಾಠ: ಬಹುಪದೋಕ್ತಿಯ ಆದರ್ಶ ರೂಪ. ಹೆಸರೇನೋ ಗಂಭೀರವಾಗಿತ್ತು. ಸಿಂಧನೂರಿನಲ್ಲಿದ್ದ ಆ ಮೇಡಂಗೇ ಫೋನ್ ಮಾಡಿದೆ. ಕೂಸಿನ ಅಳುವಿನ ನಡುವೆ ಅವರು, "x ತಲಿ ಮ್ಯಾಲಿನ ಘಾತ ದೊಡ್ಡದಿದ್ದ ಪದ ಮೊದಲು, ಆಮ್ಯಾಲ ಅದಕ್ಕಿಂತ ಸಣ್ಣದು, ಬರೇ ಅಂಕಿ ಕಡೀಕ. ಇಷ್ಟರೀ ಸರ್" ಎಂದು ಇಟ್ಟುಬಿಟ್ಟರು.

ಇಷ್ಟೇನೇ? ಇದು ನಮ್ಮ ಅನ್ವಯವಲ್ಲವೆ! ಹಳಗನ್ನಡ ಪದ್ಯದಲ್ಲಿ ಚೆಲ್ಲಾಪಿಲ್ಲಿಯಾದ ಪದಗಳನ್ನು ಹೆಕ್ಕಿ ಗದ್ಯದ ಸಾಲಿನಲ್ಲಿ ನಿಲ್ಲಿಸುವ ಕೆಲಸವನ್ನು ಇಪ್ಪತ್ತೈದು ವರ್ಷ ಮಾಡಿದವನು ನಾನು. ಮಕ್ಕಳಿಗೂ ಹಾಗೆಯೇ ಹೇಳಿ, ಹಲಗೆಯ ಮೇಲೆ 7 – 4x + x³ ಎಂದು ಬರೆದು, ಕೆಳಗೆ x³ – 4x + 7 ಎಂದೆ. ಪುಸ್ತಕದ ಉತ್ತರಕ್ಕೆ ತಾಳೆಯಾಯಿತು. ಎದೆ ಉಬ್ಬಿತು. ಮುಂದಿನದು 5x – 9 + 2x². ಪದಗಳನ್ನಷ್ಟೇ ಎತ್ತಿಟ್ಟು, ಚಿಹ್ನೆಗಳನ್ನು ಇದ್ದಲ್ಲೇ ಬಿಟ್ಟು, 2x² – 5x + 9 ಎಂದು ಬರೆದೆ.

"ತಪ್ಪೈತ್ರಿ ಸರ್."

ಹಿಂದಿನ ಬೆಂಚಿನ ಹುಲಿಗೆಮ್ಮ. ಸಂತೆಕಲ್ಲೂರಿನಿಂದ ಬರುವ ಹುಡುಗಿ. ನನ್ನ ವ್ಯಾಕರಣದ ತರಗತಿಯಲ್ಲಿ ಬಾಯೇ ಬಿಡದೆ, ದಿನಾ ನನ್ನಿಂದ ದಡ್ಡಿ ಎನ್ನಿಸಿಕೊಳ್ಳುವವಳು.

"ಹೆಂಗ ಹೇಳ್ತೀ?" ಎಂದು ಗದರಿದೆ.

"x ಇದ್ದಲ್ಲಿ ಒಂದು ಹಾಕಿ ನೋಡ್ರಿ. ಮ್ಯಾಲಿಂದು ಮೈನಸ್ ಎರಡು ಬರತೈತಿ, ನಿಮ್ದು ಆರು. ಚಿಹ್ನಿ ಅದರ ಮುಂದಿನ ಪದದ್ದರಿ. ಪದ ಎಲ್ಲಿಗೆ ಹೋದ್ರೂ ಸಂಗಾಟ ಕರಕೊಂಡು ಹೋಗಬೇಕು."

ಬೆರಳೆಣಿಸಿ ನೋಡಿದೆ. ಮೈನಸ್ ಎರಡೇ. ಮೊದಲಿನ ಲೆಕ್ಕ ಸರಿಯಾದದ್ದು ಬರೀ ಅದೃಷ್ಟ. 'ರಾಮನನ್ನು' ಎಂಬುದನ್ನು ಎತ್ತಿಡುವಾಗ 'ಅನ್ನು' ಪ್ರತ್ಯಯವನ್ನು ಹಳೆಯ ಜಾಗದಲ್ಲೇ ಮರೆತು ಬರುವ ಕನ್ನಡ ಮೇಷ್ಟ್ರು ಎಲ್ಲಾದರೂ ಉಂಟೇ? ತರಗತಿ ಮುಸಿಮುಸಿ ನಗುತ್ತಿತ್ತು. ಗಂಟೆ ಹೊಡೆಯಲೆಂದು ಕಾದೆ, ಹೊಡೆಯಲಿಲ್ಲ.

"ನಂಗ ತಿಳಿದಿರಲಿಲ್ಲವ್ವಾ. ನೀನ ಬಂದು ಹೇಳು" ಎಂದು ಸೀಮೆಸುಣ್ಣ ಕೊಟ್ಟು ಅವಳ ಬೆಂಚಿನಲ್ಲಿ ಕೂತೆ. ಉಳಿದ ವಾರವೆಲ್ಲ ಪಾಠ ಅವಳದೇ. ನನ್ನ ನೋಟುಪುಸ್ತಕವನ್ನೂ ತಿದ್ದಿದಳು, ದಯೆ ತೋರಲಿಲ್ಲ.

ಲಿಂಗಸುಗೂರಿನಿಂದ ಹೊಸ ಗಣಿತದ ಮೇಷ್ಟ್ರು ಬರುವ ಹಿಂದಿನ ದಿನ ಅವಳು ವ್ಯಾಕರಣದ ಪುಸ್ತಕ ಹಿಡಿದು ನನ್ನ ಮೇಜಿನ ಬಳಿ ಬಂದಳು.

"ಸರ್, ಸಮಾಸ ನಂಗ ಮೊದಲಿಂದನೂ ತಿಳಿದಿಲ್ರಿ."

"ಇಷ್ಟು ದಿನ ಯಾಕ ಕೇಳಲಿಲ್ಲ?"

"ತಿಳಿದಿಲ್ಲ ಅಂತ ಹೇಳಬಹುದು ಅಂತ ಗೊತ್ತಿರಲಿಲ್ರಿ. ಅವತ್ತು ನೀವ ಅಂದ್ರಲ್ಲ, ಆವಾಗ ಗೊತ್ತಾತು."

ಕುರ್ಚಿ ಎಳೆದು ಕೂರಿಸಿದೆ. ಬಹುವ್ರೀಹಿಯನ್ನು ಕೈಲಾದಷ್ಟು ಸೊಗಸಾಗಿ ವಿವರಿಸಿ, "ತಿಳೀತಾ?" ಎಂದೆ.

"ಇಲ್ರಿ" ಎಂದಳು, ಒಂದಿಷ್ಟೂ ಅಂಜದೆ.

ಮತ್ತೆ ಮೊದಲಿನಿಂದ ಶುರುಮಾಡಿದೆ.