ಕಣದಲ್ಲಿ ಮುಚ್ಚದ ತ್ರಿಕೋನ

ಗೆಳೆಯರೇ, ಗಣಿತದ ಮೇಷ್ಟ್ರಾಗಿ ಇಪ್ಪತ್ತು ವರ್ಷ ಉಳಿಸಿಕೊಂಡಿದ್ದ ಮರ್ಯಾದೆ ಇವತ್ತು ಬೆಳಗ್ಗೆ ನಮ್ಮ ಕಾಫಿ ಕಣದಲ್ಲೇ ಹೋಯಿತು.

ಏಳನೇ ತರಗತಿಯ ಮಗಳಿಗೆ ಮೂಡಿಗೆರೆಯ ಶಾಲೆಯಲ್ಲಿ ಹೋಮ್‌ವರ್ಕ್ ಕೊಟ್ಟಿದ್ದರು: ಕೋಡ್ ಬರೆದು ತ್ರಿಕೋನ ಬಿಡಿಸುವುದು. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದರೆ ಗೆರೆ ಎಳೆಯುತ್ತಾ ಹೋಗುತ್ತದೆ.

"ಎಷ್ಟು ಡಿಗ್ರಿ ತಿರುಗ್ಬೇಕಪ್ಪ?" ಎಂದಳು.

"ಮೂರೂ ಬದಿ ಸಮ ಅಂದ್ಮೇಲೆ ಅರವತ್ತು. ಇದನ್ನೂ ಕೇಳ್ಬೇಕಾ?"

ಆಮೆ ಮೂರು ಗೆರೆ ಎಳೆದು, ಬಾಯಿ ತೆರೆದ ಬೋಗುಣಿಯೊಂದನ್ನು ಬಿಡಿಸಿ ನಿಂತಿತು.

ಕಂಪ್ಯೂಟರಿನದೇ ತಪ್ಪು ಎಂದು ಸಾಧಿಸಲು ಕಣಕ್ಕಿಳಿದೆ. ಒಣಗಲು ಹರವಿದ್ದ ಕಾಫಿಯ ಮೇಲೆ, ಕೆದಕುವ ಕೋಲನ್ನು ಎಳೆಯುತ್ತಾ ನಾನೇ ಆಮೆಯಂತೆ ನಡೆದೆ. ಅಲ್ಲೂ ಬೋಗುಣಿಯೇ ಬಂತು.

ಪಕ್ಕದಲ್ಲಿ ಕಾಫಿ ಕೆದಕುತ್ತಿದ್ದ ಗಿರಿಜಕ್ಕ ನಕ್ಕರು. "ಮೂಲೆ ಚೂಪಾಗ್ಬೇಕಂದ್ರೆ ಮೈ ಜಾಸ್ತಿ ತಿರುಗಿಸ್ಬೇಕಲ್ಲ ಮೇಷ್ಟ್ರೇ. ನೀವು ಒಂಚೂರು ತಿರುಗಿ ಹೊರಟುಬಿಟ್ರೆ ಹೇಗೆ?"

ತಮ್ಮ ಕೋಲು ಹಿಡಿದು, ಪ್ರತಿ ಮೂಲೆಯಲ್ಲೂ ಹೆಚ್ಚುಕಡಿಮೆ ಬಂದ ದಾರಿಯ ಕಡೆಗೇ ಮುಖ ಹೊರಳಿಸಿ, ಮೂರೇ ಗೆರೆಗೆ ತ್ರಿಕೋನ ಮುಚ್ಚಿದರು. ಒಳಗಿನ ಕೋನ ಅರವತ್ತಾದರೆ ತಿರುಗಬೇಕಾದದ್ದು ನೂರಿಪ್ಪತ್ತು. ಜಗಲಿಯಲ್ಲಿ ಕೂತಿದ್ದ ಮಗಳು ಕಂಪ್ಯೂಟರಿಗೆ ಅದನ್ನೇ ಹಾಕಿದಳು, ಆಮೆಯೂ ಸರಿಹೋಯಿತು.

ನಾನು ಮನೆಯತ್ತ ಹೊರಟೆ. "ಅಪ್ಪ, ಕೋಲು ಎತ್ಕೊಂಡು ಹೋಗು. ಗೆರೆ ಬೀಳ್ತಿದೆ," ಎಂದಳು ಮಗಳು.

ಮೇಷ್ಟ್ರು ಸೋತು ಮನೆಗೆ ಹೋದ ಆ ಗೆರೆ ಕಣದಲ್ಲಿ ಇನ್ನೂ ನೆಟ್ಟಗಿದೆ. ಅದು ಅಳಿಸಬಾರದೆಂದು ಸಂಜೆವರೆಗೂ ಆ ಕಡೆ ಕೆದಕುವುದಿಲ್ಲವಂತೆ ಗಿರಿಜಕ್ಕ.