ತಳ್ಳುಗಾಡಿ ಎನಿಸಿಕೊಂಡವನು

ಗಾಲಿಯಣ್ಣನ ಮುತ್ತಜ್ಜ ಕಲ್ಲುಕುಟಿಗ. ಊರ ಹಿಂದಿನ ಗುಡ್ಡಕ್ಕೆ ರಸ್ತೆ ಕಡಿದವರಲ್ಲಿ ಅವನೂ ಒಬ್ಬ. ಬಂಡೆ ಸಿಡಿದು ಎರಡು ಬೆರಳು ಹೋದವು. ಮರುದಿನವೇ ಉಳಿದ ಬೆರಳುಗಳಲ್ಲಿ ಸುತ್ತಿಗೆ ಹಿಡಿದು ಬಂದು ನಿಂತ, ಮನೆಗೆ ಹೋಗೆಂದ ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬೈದ. ಅವನ ಮಗಳು, ಅಂದರೆ ಗಾಲಿಯಣ್ಣನ ಅಜ್ಜಿ, ಅದೇ ರಸ್ತೆಯಲ್ಲಿ ದಿನಕ್ಕೆ ಎರಡು ಸಲ ಹಾಲಿನ ಕ್ಯಾನು ಹೊತ್ತು ಇಳಿದು ಹತ್ತಿದವಳು. ಹಾಲಿಗೆ ನೀರು ಬೆರೆಸಿದ್ದೀಯ ಎಂದ ಡೈರಿಯವನ ತಲೆಯ ಮೇಲೆ ಇಡೀ ಕ್ಯಾನು ಬೋರಲು ಹಾಕಿ, ಈಗ ನೆಕ್ಕಿ ನೋಡು ಎಂದು ಹೇಳಿ ಬಂದವಳು. ಅವಳ ಮಗ ಸೈಕಲ್ ಅಂಗಡಿ ಹಾಕಿದ. ಬರಿಯ ರಿಮ್ಮಿಗೆ ಮೂವತ್ತಾರು ಕಡ್ಡಿ ಹೆಣೆದು ಗಾಲಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಅವನು ಕಟ್ಟಿದ ಗಾಲಿಗೆ ತನ್ನ ಕಂಪನಿಯ ಚೀಟಿ ಅಂಟಿಸಬೇಕೆಂದು ಬಂದ ಕೋಟಿನ ಮನುಷ್ಯನನ್ನು ಪಂಪು ಹಿಡಿದು ರಸ್ತೆಯ ತನಕ ಅಟ್ಟಿಸಿಕೊಂಡು ಹೋಗಿದ್ದ. ಬೇರೆ ಮನೆಗಳಲ್ಲಿ ಹೊಲ ಗದ್ದೆ ಇಳಿದು ಬರುತ್ತದೆ. ಈ ಮನೆಯಲ್ಲಿ ಇಳಿದು ಬಂದದ್ದು ಸಿಟ್ಟು.

ಗಾಲಿಯಣ್ಣನಿಗೆ ಈಗ ಐವತ್ತೇಳು. ಅಂಗಡಿ ಅಪ್ಪನದೇ. ಗೋಡೆಯ ತುಂಬ ಟೈರುಗಳು ನೇತಾಡುತ್ತವೆ, ನಡುವೆ ಒಂದು ಟೀವಿ. ಪಂಕ್ಚರ್ ನೋಡುವ ತೊಟ್ಟಿಯ ನೀರು ಸದಾ ಕಪ್ಪು. ಅವನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕಬ್ಬಿಣದ ಕವಲಿಗೆ ಗಾಲಿ ಸಿಕ್ಕಿಸಿ, ಬೆರಳಲ್ಲಿ ತಿರುಗಿಸಿ, ಎಲ್ಲಿ ಓಲಾಡುತ್ತದೆ ನೋಡಿ, ಸಣ್ಣ ಕೀಲಿಯಲ್ಲಿ ಒಂದು ಕಡ್ಡಿ ಬಿಗಿ ಮಾಡಿ ಇನ್ನೊಂದು ಸಡಿಲ ಮಾಡುತ್ತಾನೆ. ಬೆಂಡು ತೆಗೆಯುವುದು ಎನ್ನುತ್ತಾರೆ ಆ ಕೆಲಸಕ್ಕೆ. ಗಾಲಿಯ ಬೆಂಡು ತೆಗೆದಷ್ಟು ಸುಲಭವಾಗಿ ಜನರ ಬೆಂಡು ತೆಗೆಯಲಾಗುವುದಿಲ್ಲವಲ್ಲ ಎಂಬುದೇ ಅವನ ನೋವು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನು ಹದಿನೆಂಟು ದಿನದ ದೊಡ್ಡ ರೇಸಿಗೆ ಹೋಗಿದ್ದ. ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ ಸೈಕಲ್ ತುಳಿಯುವ ರೇಸು. ಎಲ್ಲ ದಿನಗಳ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ ಹಾಗೆ. ದಿನದ ಗೆಲುವಿಗೆ ಬೇರೆ ಮರ್ಯಾದೆ. ಇವನೇನೂ ತಂಡದ ಕ್ಯಾಪ್ಟನ್ ಅಲ್ಲ. ಕ್ಯಾಪ್ಟನ್‌ಗೆ ನೀರು ತರುವವನು, ಅವನ ಮುಂದೆ ಗಾಳಿಗೆ ಎದೆ ಕೊಟ್ಟು ಹೋಗುವವನು. ಅಂಗಿಯ ಬೆನ್ನಿನಲ್ಲಿ ಎಂಟು ಬಾಟಲಿ ತುರುಕಿಕೊಂಡು ಗೂನುಬೆನ್ನಿನವನ ಹಾಗೆ ತುಳಿಯುತ್ತಿದ್ದ. ಹದಿನೈದನೆಯ ದಿನ ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ಕೂತ. ಇವತ್ತು ನಿನ್ನ ಇಷ್ಟ ಎಂದು ಮ್ಯಾನೇಜರ್ ಇವನನ್ನು ಬಿಟ್ಟುಕೊಟ್ಟ. ಅವತ್ತಿನ ದಾರಿ ಮುಗಿಯುತ್ತಿದ್ದುದು ಇವನ ಊರ ಗುಡ್ಡದ ಮೇಲೆ.

ಗುಡ್ಡದ ಬುಡಕ್ಕೆ ಬರುವಾಗ ಮುಂದೆ ಇಬ್ಬರೇ ಉಳಿದಿದ್ದರು. ಗಾಲಿಯಣ್ಣ ಒಬ್ಬ, ಜನ ನರಿ ಎಂದು ಕರೆಯುತ್ತಿದ್ದವನು ಇನ್ನೊಬ್ಬ. ನರಿ ನಲವತ್ತು ಕಿಲೋಮೀಟರು ಇವನ ಹಿಂದಿನ ಗಾಲಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲೇ ಬಂದಿದ್ದ. ಒಂದೇ ಒಂದು ಸಲವೂ ಮುಂದೆ ಬಂದು ಕೈ ಜೋಡಿಸಲಿಲ್ಲ. ಕೊನೆಯ ಕಿಲೋಮೀಟರಿನಲ್ಲಿ ಜನಜಂಗುಳಿಯ ನಡುವಿನಿಂದ ಯಾರದೋ ಕೈ ಗಾಲಿಯಣ್ಣನ ಬೆನ್ನಿಗೆ ಬಿದ್ದು ಒಂದು ತಳ್ಳು ತಳ್ಳಿತು. ಆರು ಸೆಕೆಂಡು ಮೊದಲು ತುದಿ ಮುಟ್ಟಿದವನು ಇವನೇ. ಅರ್ಧ ಗಂಟೆಯಲ್ಲಿ ತೀರ್ಪುಗಾರರು ಕಾಗದ ಅಂಟಿಸಿದರು. ನೋಡುವವರಿಂದ ತಳ್ಳಿಸಿಕೊಂಡದ್ದಕ್ಕೆ ಹತ್ತು ಸೆಕೆಂಡು ದಂಡ. ಗೆಲುವು ನರಿಗೆ ಹೋಯಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದರೂ ಆ ರೇಸಿನಲ್ಲಿ ತಪ್ಪಿಲ್ಲ, ಇನ್ನೊಬ್ಬರ ಕೈ ತಾಗಿದರೆ ಮಾತ್ರ ತಪ್ಪು. ಕೈ ಹಾಕಿದವನನ್ನು ಬಿಟ್ಟು ಹಾಕಿಸಿಕೊಂಡವನಿಗೆ ಶಿಕ್ಷೆ. ಇದನ್ನು ನ್ಯಾಯವೆಂದು ಬರೆದವನ ಕೈಗೆ ಹುಳ ಬೀಳಲಿ.

ಅವತ್ತಿನಿಂದ ನರಿಯ ಅಭಿಮಾನಿಗಳು ಇವನನ್ನು ತಳ್ಳುಗಾಡಿ ಎನ್ನತೊಡಗಿದರು. ಒಂದೇ ಒಂದು ಮಾತನ್ನು ಇವನು ಇಪ್ಪತ್ತನಾಲ್ಕು ವರ್ಷ ಹೇಳುತ್ತ ಬಂದ: ನಾನು ಸೋತಿರಲಿಲ್ಲ, ಸೋತವನ ಹಾಗೆ ನಟಿಸುತ್ತಿದ್ದೆ. ಬಾಯಿ ತೆರೆದು, ಹೆಗಲು ಓಲಾಡಿಸಿ, ವೇಗ ಕಡಿಮೆ ಮಾಡಿ ನರಿಯನ್ನು ಮುಂದಕ್ಕೆ ಕರೆಯುತ್ತಿದ್ದೆ. ಅವನು ಬಂದಿದ್ದರೆ ಅವನ ಬೆನ್ನ ಮರೆಯಿಂದ ನುಗ್ಗಿ ಮುಗಿಸುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು. ನಂಬಿದವರು ಒಬ್ಬರೂ ಇಲ್ಲ. ಆ ಕೈ ಯಾರದೆಂಬುದೂ ಗೊತ್ತಾಗಲಿಲ್ಲ. ಪತ್ರಿಕೆಯ ಚಿತ್ರದಲ್ಲಿ ಇದ್ದುದು ಒಂದು ತೋಳು ಮಾತ್ರ. ಮುಖ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು.

ಈ ವರ್ಷ ಆ ರೇಸು ಒಂದು ಭಾನುವಾರ ಮತ್ತೆ ಅದೇ ಗುಡ್ಡಕ್ಕೆ ಬರುವುದಿತ್ತು. ಮಧ್ಯಾಹ್ನವಾದರೆ ಟೀವಿಯಲ್ಲಿ ರೇಸು ನೋಡುವವರಿಂದ ಅಂಗಡಿ ತುಂಬುತ್ತಿತ್ತು. ಪತ್ರಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮಧ್ಯೆ ಕೂರುವವನು ಅಂಚೆಯವನು, ನರಿಯ ಕಟ್ಟಾ ಅಭಿಮಾನಿ. ಬಾಗಿಲ ಬಳಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರುವವನು ಗಾಲಿಯಣ್ಣನ ಅಕ್ಕನ ಗಂಡ, ಪಕ್ಕದ ಬೀದಿಯ ದರ್ಜಿ. ಭಾವ ಸಾಧು ಮನುಷ್ಯ. ಜಗಳ ಏರಿದರೆ ಅವನಿಗೆ ಹೊಲಿಗೆಯ ಕೆಲಸ ನೆನಪಾಗುತ್ತಿತ್ತು.

ಆವತ್ತು ಟೀವಿಯಲ್ಲಿ ಉದ್ದನೆಯ ಸವಾರನೊಬ್ಬ ಮುಂದಿದ್ದ, ಮೀಸೆಯವನೊಬ್ಬ ಅವನ ಹಿಂದೆ ಅಂಟಿಕೊಂಡಿದ್ದ.

“ಆ ಉದ್ದನೆಯವನಿಗೆ ಬುದ್ಧಿ ಅನ್ನೋದೇ ಇಲ್ಲ,” ಎಂದ ಅಂಚೆಯವನು. “ಒಬ್ಬನೇ ಗಾಳಿ ಮುರೀತಾ ಕೂತಿದಾನೆ.”

“ಮುಂದೆ ಹೋಗೋನು ದಡ್ಡ, ಬಾಲ ಹಿಡ್ಕೊಂಡು ಬರೋನು ಜಾಣ. ಸರಿ ಬಿಡಪ್ಪ,” ಎಂದ ಗಾಲಿಯಣ್ಣ ಗಾಲಿಯಿಂದ ಕಣ್ಣೆತ್ತದೆ.

“ರೇಸ್ ಅಂದ್ರೆ ಬರೀ ತೊಡೆ ಅಲ್ಲ ಕಣೋ, ತಲೆ. ಹಿಂದೆ ಕೂತವನಿಗೆ ಮೂರರಲ್ಲೊಂದು ಪಾಲು ಶಕ್ತಿ ಉಳಿಯುತ್ತೆ. ಅದನ್ನ ಕೂಡಿಟ್ಟು ಕೊನೇಲಿ ಬಿಡೋದು. ನಿಯಮದಲ್ಲೇನು ಬೇಡ ಅಂದಿದಾರಾ?”

“ನಿಯಮದಲ್ಲಿ ನಾಚಿಕೆ ಪಡು ಅಂತಾನೂ ಬರೆದಿಲ್ಲ.”

“ಅವನ ತಂಡದ ಕ್ಯಾಪ್ಟನ್ ಹಿಂದೆ ಬರ್ತಾ ಇದಾನೆ. ಮೀಸೆ ಯಾಕೆ ಮುಂದೆ ಹೋಗಿ ಎಳೀಬೇಕು? ತನ್ನ ಕ್ಯಾಪ್ಟನ್‌ಗೇ ಗುಂಡಿ ತೋಡೋಕಾ? ಇದೆಲ್ಲ ನಿಂಗೆ ಅರ್ಥ ಆಗಿದ್ರೆ ಆವತ್ತು ನರಿ...”

“ನರಿ ಹೆಸರು ಎತ್ತಬೇಡ.”

“ಎತ್ತಿದ್ರೆ ಏನ್ ಮಾಡ್ತೀಯ? ತಳ್ತೀಯಾ?”

ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರ್ಚಿ ಬಿಸಿ ಮಾಡುತ್ತ, ಕಾಲು ಆಡಿಸುತ್ತ, ಇನ್ನೊಬ್ಬನ ಬೆವರಿಗೆ ತಪ್ಪು ಹುಡುಕುವ ಈ ಜನರನ್ನು ಕಂಡರೆ ಮೈ ಉರಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ಗುಡ್ಡ ಹತ್ತುವವನಿಗೆ ತಂತ್ರ ಹೇಳಿಕೊಡುತ್ತಾರೆ.

ಆ ಹೊತ್ತಿಗೇ ಟೀವಿಯವರು, ಭಾನುವಾರದ ಗುಡ್ಡ ಎಂಥದ್ದು ನೋಡಿ ಎಂದು ಹಳೆಯ ಚಿತ್ರ ತೋರಿಸಿದರು. ಯಾರೋ ಎದುರು ಬದಿಯ ಬಂಡೆಯ ಮೇಲೆ ನಿಂತು ತೆಗೆದದ್ದು, ಇದುವರೆಗೆ ಯಾರೂ ನೋಡದ್ದು. ಮೂವತ್ತಮೂರರ ಗಾಲಿಯಣ್ಣ ಬಾಯಿ ತೆರೆದು ಓಲಾಡುತ್ತ ಬರುತ್ತಾನೆ. ಹಿಂದೆ ನರಿ. ಜನರ ಸಾಲಿನಿಂದ ಒಬ್ಬ ಓಡಿ ಬರುತ್ತಾನೆ. ಕೈ ಚಾಚುತ್ತಾನೆ, ತಳ್ಳುತ್ತಾನೆ. ಕೆಲಸ ಬಿಟ್ಟು ಹಾಗೇ ಎದ್ದು ಬಂದವನಿರಬೇಕು, ಕೊರಳಲ್ಲಿ ಅಳತೆಯ ಟೇಪು ಎರಡೂ ಕಡೆ ನೇತಾಡುತ್ತಿದೆ. ಮುಖ ಹಗಲಿನಷ್ಟು ಸ್ಪಷ್ಟ.

ಎಲ್ಲರ ಕಣ್ಣೂ ಬಾಗಿಲ ಬಳಿಯ ಪೆಟ್ಟಿಗೆಯತ್ತ ತಿರುಗಿದವು. ಭಾವ ಏಳಲು ನೋಡಿದ.

“ಭಾವ,” ಎಂದ ಗಾಲಿಯಣ್ಣ. “ನೀವಾ?”

“ನೀನು ಸೋತೇ ಹೋಗ್ತಾ ಇದ್ದೆ ಕಣೋ,” ಎಂದ ದರ್ಜಿ. “ಬಾಯಿ ಬಿಟ್ಕೊಂಡು, ಕಣ್ಣು ಮೇಲೆ ಮಾಡ್ಕೊಂಡು... ನನ್ ಕೈಲಿ ನೋಡೋಕಾಗ್ಲಿಲ್ಲ.”

“ಅದು ನಟನೆ! ನರಿ ನಂಬ್ಲಿ ಅಂತ ಮಾಡಿದ್ದು! ಇನ್ನು ಹತ್ತು ಸಲ ತುಳಿಯೋದ್ರಲ್ಲಿ ಅವನು ಮುಂದೆ ಬಂದ್ಬಿಡ್ತಿದ್ದ!”

“ನಂಗೇನು ಗೊತ್ತು? ನಾನೂ ನಂಬ್ಬಿಟ್ಟೆ.”

“ಇಪ್ಪತ್ನಾಲ್ಕು ವರ್ಷ ದಿನಾ ಇಲ್ಲಿ ಬಂದು ಕೂತ್ಯಲ್ಲ. ಒಂದು ದಿನ ಬಾಯಿ ಬಿಡೋಕಾಗ್ಲಿಲ್ವಾ?”

“ಆವತ್ತು ಸಾಯಂಕಾಲಾನೇ ಹೇಳೋಕೆ ಬಂದೆ. ಆ ಕೈ ಸಿಕ್ಕಿದ್ರೆ ಎರಡು ತುಂಡು ಮಾಡ್ತೀನಿ ಅಂತ ನೀನು ಬೀದಿಲಿ ನಿಂತು ಕೂಗ್ತಿದ್ದೆ. ನಂದು ಹೊಲಿಯೋ ಕೈ. ಮನೇಲಿ ನಿಮ್ಮಕ್ಕ, ಮೂರು ಮಕ್ಕಳು.”

ಯಾರೋ ಒಬ್ಬ ನಕ್ಕುಬಿಟ್ಟ. ಗಾಲಿಯಣ್ಣ ಕೈಯಲ್ಲಿದ್ದ ಕೀಲಿಯನ್ನು ತೊಟ್ಟಿಗೆ ಎಸೆದ. ಕಪ್ಪು ನೀರು ಎಲ್ಲರ ಮುಖಕ್ಕೂ ಹಾರಿತು.

“ಎದ್ದು ಹೋಗು ನೀನು. ನನ್ ಕಣ್ಣೆದುರು ಇರಬೇಡ.”

ಮದುವೆಯಾದಂದಿನಿಂದ ಬಹುವಚನದಲ್ಲೇ ಮಾತಾಡಿಸುತ್ತಿದ್ದ ಭಾವನಿಗೆ ಆ ದಿನ ಬಹುವಚನ ತಪ್ಪಿತು. ತಳ್ಳಿದ್ದಕ್ಕಲ್ಲ ಅಷ್ಟು ಸಿಟ್ಟು. ವೈರಿಗೆ ಹಾಸಿದ ಬಲೆಗೆ ಮನೆಯವನೇ ಬಂದು ಬಿದ್ದನಲ್ಲ, ಇವನ ಕೈಲಾಗದು ಎಂದು ಮೊದಲು ತೀರ್ಮಾನ ಮಾಡಿದವನು ಒಡಹುಟ್ಟಿದವಳ ಗಂಡನೇ ಆದನಲ್ಲ ಎಂದು.

ದರ್ಜಿ ಹೋದ ಮೇಲಾದರೂ ಅಂಚೆಯವನು ಸುಮ್ಮನಿರಬೇಕಿತ್ತು. ಅವನ ಬಾಯಿಗೆ ಬೀಗ ಎಲ್ಲಿದೆ?

“ಅದೆಲ್ಲ ಸರಿ. ಆದ್ರೆ ಅದು ನಟನೆ ಅನ್ನೋಕೆ ಸಾಕ್ಷಿ ಏನು? ನಾನೂ ನೋಡಿದೆ ಈಗ. ಸುಸ್ತಾದವನ ಹಾಗೇ ಇದ್ದೆ. ಆ ಕೈ ಇಲ್ದೇ ಇದ್ದಿದ್ರೆ ನೀನು ತುದಿ ಮುಟ್ತಾ ಇರ್ಲಿಲ್ಲ.”

“ಮುಟ್ತಾ ಇರ್ಲಿಲ್ವಾ?”

“ಇಲ್ಲ.”

“ಸರಿ. ಭಾನುವಾರ ಬೆಳಿಗ್ಗೆ ರಸ್ತೆ ಮುಚ್ಚೋ ಮೊದ್ಲು ಹತ್ತಿ ತೋರಿಸ್ತೀನಿ. ಐವತ್ತೇಳರಲ್ಲಿ ಆಗೋದು ಮೂವತ್ಮೂರರಲ್ಲಿ ಆಗ್ತಿರ್ಲಿಲ್ಲ ಅಂತ ಆಮೇಲೆ ಹೇಳು. ಕಾಲು ನೆಲಕ್ಕಿಡಲ್ಲ. ಯಾರ ಕೈಯೂ ಮುಟ್ಟಲ್ಲ.”

“ಹಾಗೆ ಹತ್ತಿದ್ರೆ,” ಎಂದ ಅಂಚೆಯವನು, “ಇನ್ನು ಮೇಲೆ ತಳ್ಳುಗಾಡಿ ಅನ್ನಲ್ಲ. ಅಷ್ಟೇ ಅಲ್ಲ, ಕಾಗದ ಕೊಡೋ ಪ್ರತಿ ಮನೆ ಬಾಗಿಲಲ್ಲಿ ನಿಂತು ಹೇಳ್ತೀನಿ, ಆವತ್ತು ಗೆದ್ದಿದ್ದು ಇವನೇ ಅಂತ. ಕೈ ತಾಗಿದ್ರೆ ಮಾತ್ರ ಜೀವನಪೂರ್ತಿ ತಳ್ಳುಗಾಡಿನೇ.”

“ಹಿಂದೆ ಬಂದು ನೋಡು. ಹಿಂದೆ ಬರೋದು ನಿಂಗೆ ಅಭ್ಯಾಸ ಇದೆಯಲ್ಲ.”

ಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಕುಕ್ಕಿದಳು. “ಮಂಡಿಗೆ ಎಣ್ಣೆ ಹಚ್ಚಿ ಹಚ್ಚಿ ನನ್ ಕೈ ಸವೆದು ಹೋಗಿದೆ. ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋತೀರ, ಗುಡ್ಡ ಹತ್ತುತೀರಂತೆ. ಯಾರಿಗೆ ತೋರಿಸ್ಬೇಕು? ಆ ಅಂಚೆಯವನಿಗಾ?”

“ನಂಗೇ ತೋರಿಸ್ಕೋಬೇಕು. ಬಿಡು.”

“ಸೈಕಲ್ಲಿಗೆ ಬ್ರೇಕ್ ಇದೆ. ನಿಮ್ ಬಾಯಿಗಿಲ್ಲ,” ಎಂದಳು. ಆದರೂ ಶನಿವಾರ ಹಳೆಯ ರೇಸು ಅಂಗಿಯನ್ನು ಹುಡುಕಿ ತೆಗೆದು ಹೊಟ್ಟೆಯ ಬಳಿ ಬಿಚ್ಚಿ ಅಗಲ ಮಾಡಿದವಳು ಅವಳೇ. ದರ್ಜಿಯ ಬಳಿ ಹೋಗುವ ಹಾಗಿರಲಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಗುಡ್ಡದ ರಸ್ತೆಯ ಎರಡೂ ಬದಿ ಜನ. ಮಡಚುವ ಕುರ್ಚಿ, ಛತ್ರಿ, ಬುತ್ತಿ. ಡಾಂಬರಿನ ಮೇಲೆ ಸುಣ್ಣದಲ್ಲಿ ತಮ್ಮ ತಮ್ಮ ಸವಾರರ ಹೆಸರು. ಗಾಲಿಯಣ್ಣ ತಾನೇ ಕಟ್ಟಿದ ಗಾಲಿಗಳ ಸೈಕಲ್ ಏರಿ ಹೊರಟ. ಹಿಂದೆ ಅಂಚೆಯವನ ಮೊಪೆಡ್ಡು ಗೊರಗೊರ ಎನ್ನುತ್ತ ಬಂತು. ಮೊದಲ ಆರು ತಿರುವು ಅವನು ಕೂತೇ ತುಳಿದ. ಉಸಿರು ಹದವಾಗಿತ್ತು. ನರಿಯ ಪಾಳೆಯದವರು ಕೇಕೆ ಹಾಕಿದರು: “ತಳ್ಳುಗಾಡಿ ಬಂತು, ದಾರಿ ಬಿಡ್ರೋ! ತರಕಾರಿ ಏನಿದೆ ಇವತ್ತು?” ಇವನು ಆ ಕಡೆ ತಿರುಗಲಿಲ್ಲ. “ನಿಮ್ಮಪ್ಪನ ತಲೆ ಇದೆ, ತಗೋತೀರಾ?” ಎಂದಷ್ಟೇ ಹೇಳಿ ಮುಂದೆ ಹೋದ.

ಎಂಟನೆಯ ತಿರುವಿನಲ್ಲಿ ಮಂಡಿ ಮಾತಾಡತೊಡಗಿತು. ಹತ್ತರಲ್ಲಿ ಕೂಗಿತು. ಗೇರು ಇಳಿಸಲು ಇನ್ನು ಗೇರಿರಲಿಲ್ಲ. ಎದ್ದು ನಿಂತು ತುಳಿದರೆ ಎದೆ ಡವಡವ, ಕೂತರೆ ಗಾಲಿ ಉರುಳುವುದಿಲ್ಲ. ಕೊನೆಯ ಕಿಲೋಮೀಟರಿಗೆ ಬರುವಾಗ ಸೈಕಲ್ ಎಷ್ಟು ನಿಧಾನವಾಗಿತ್ತೆಂದರೆ ಮುಂದಿನ ಗಾಲಿ ಹಾವಿನ ಹಾಗೆ ಆ ಕಡೆ ಈ ಕಡೆ ಹೊರಳುತ್ತಿತ್ತು. ಕಣ್ಣಿಗೆ ಬೆವರು ಇಳಿದು ರಸ್ತೆ ಕಾಣುತ್ತಿರಲಿಲ್ಲ.

ದರ್ಜಿ ಅಲ್ಲಿ ನಿಂತಿದ್ದ. ಕಣ್ಣು ಕೆಂಪಗಾಗಿದ್ದವು, ಬಹುಶಃ ಮೂರು ದಿನದಿಂದ ನಿದ್ದೆಯಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದು ಸೈಕಲ್ಲಿನ ಪಕ್ಕದಲ್ಲೇ ನಡೆಯತೊಡಗಿದ. ಓಡಬೇಕಾದ ಅಗತ್ಯವೇ ಇರಲಿಲ್ಲ.

“ಸಾಕು ಕಣೋ. ಇಳಿದುಬಿಡು. ಎದೆ ಒಡ್ಕೊಂಡು ಸಾಯ್ತೀಯ. ನಿಮ್ಮಕ್ಕನಿಗೆ ನಾನೇನು ಹೇಳ್ಲಿ?”

ಸೈಕಲ್ ಒಮ್ಮೆ ಎಡಕ್ಕೆ ವಾಲಿತು. ಹಿಂದೆ ಅಂಚೆಯವನೂ ಮೊಪೆಡ್ಡು ನಿಲ್ಲಿಸಿ, “ಸಾಕಪ್ಪ, ಬಿಡು, ನಾನು ಒಪ್ಪಿದೆ, ಇಳಿ!” ಎಂದು ಕೂಗಿದ. ದರ್ಜಿಯ ಬಲಗೈ ತಾನಾಗಿಯೇ ಎದ್ದು ಗಾಲಿಯಣ್ಣನ ಬೆನ್ನಿಗೆ ಇನ್ನೊಂದು ಗೇಣು ದೂರದಲ್ಲಿ ಬಂದು ನಿಂತಿತು.

“ಕೈ ತೆಗಿ ಭಾವ! ತೆಗಿ ಅಂದೆ! ಆವತ್ತು ನಟನೆ ಮಾಡಿದ್ದೆ, ನಿಜ ಅಂತ ತಳ್ದೆ. ಇವತ್ತು ನಿಜವಾಗ್ಲೂ ಸುಸ್ತಾಗಿದೆ, ಕೇಳಿಸ್ತಾ? ಜೀವ ಬಾಯಿಗೆ ಬಂದಿದೆ. ಆದ್ರೂ ಮುಟ್ಬೇಡ. ಏಯ್ ಅಂಚೆಯವನೇ, ನಿನ್ನ ಒಪ್ಪಿಗೇನೂ ನಂಗೆ ಬೇಡ, ಚೀಲದಲ್ಲಿಟ್ಕೋ. ಬಿದ್ರೆ ಬೀಳ್ತೀನಿ. ಬಿದ್ದವನನ್ನ ಎತ್ತೋಕೂ ಬರ್ಬೇಡಿ. ಸರೀರಿ ಇಬ್ರೂ, ನಂಗೆ ರಸ್ತೆ ಬೇಕು!”