ಶೇವಂತಾ ಬಾಯಾರು ಪುಣೆಗೆ ಹೋದದ್ದು

ಅಕ್ಕೋಳದ ಸತ್ತೆಪ್ಪ ಮಗಳು ಶೇವಂತಾಳನ್ನು ಕನ್ನಡ ಸಾಲಿಗೆ ಹಾಕಿದ, ಮಗ ದಶರಥನನ್ನು ಮರಾಠಿ ಸಾಲಿಗೆ. ಗಡಿಯ ಊರು, ಎರಡೂ ಕಡೆ ಒಂದೊಂದು ಕೈ ಇರಲಿ ಅನ್ನುವುದು ಅವನ ವಿಚಾರ. ಸಾಲಿಗಳ ನಡುವೆ ಇದ್ದದ್ದು ಒಂದು ಗೋಡೆ. ಸಂಜೆ ಅಕ್ಕ ತಮ್ಮ ಕಟ್ಟೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದರು. ಅವಳು ‘ಎರಡೊಂದ್ಲೆ ಎರಡು’ ಅಂದರೆ ಅವನು ‘ಬೇ ಏಕ ಬೇ’ ಅನ್ನುತ್ತಿದ್ದ.

೧೯೮೦ರ ಮಳೆಗಾಲದಲ್ಲಿ, ಎಂಟು ವರ್ಷದ ದಶರಥನಿಗೆ ಜ್ವರ ತಲೆಗೇರಿತು. ಅದೇ ಅಮಲಿನಲ್ಲಿ ಮಗ್ಗಿ ಹೇಳತೊಡಗಿದವನು ‘ಬೇ ಸಾತೆ’ಗೆ ಬಂದು ತಡೆದ, ಕಣ್ಣು ತೆರೆದು ಅಕ್ಕನನ್ನು ನೋಡಿದ. ‘ಹದಿನಾಲ್ಕು’ ಅಂದಳು ಶೇವಂತಾ. ಅಲ್ಲ ಅನ್ನುವಂತೆ ತಲೆಯಾಡಿಸಿದ. ಮರಾಠಿಯ ‘ಚೌದಾ’ ಅವಳ ನಾಲಿಗೆಗೆ ಬರುವಷ್ಟರಲ್ಲಿ ಅವನು ಗೋಡೆಯತ್ತ ಹೊರಳಿದ್ದ. ಮತ್ತೆ ಈ ಕಡೆ ಹೊರಳಲಿಲ್ಲ.

ಶೇವಂತಾ ಬಿ.ಎಡ್. ಮಾಡಿ ನಿಪ್ಪಾಣಿಯ ಒಂದು ಖಾಸಗಿ ಕನ್ನಡ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಬಾಯಾರಾದಳು. ಮಕ್ಕಳು ಒಟ್ಟಾಗಿ ಮಗ್ಗಿ ಒಪ್ಪಿಸುವಾಗ ಆ ದನಿಗಳ ಹಿಂದೆ ಇನ್ನೊಂದು ದನಿ ಕೇಳಿಸುತ್ತಿತ್ತು. ‘ಬೇ ಸಾತೆ’ಗೆ ನಿಲ್ಲುತ್ತಿತ್ತು. ಮಕ್ಕಳು ಮುಂದೆ ಹೋಗಿರುತ್ತಿದ್ದರು. ಶೇವಂತಾ ಹಲಗೆಯ ಮುಂದೆ ಖಡು ಹಿಡಿದು ಹಾಗೇ ನಿಂತಿರುತ್ತಿದ್ದಳು.

೧೯೯೩ರಲ್ಲಿ ಎಂ.ಎಡ್.ಗೆ ಹೋಗುವ ಮಾತು ಬಂತು. ಹೆಡ್ ಮಾಸ್ತರ ನೇಮಿನಾಥರು ಧಾರವಾಡ ಅಂದರು, ಬಡ್ತಿ ಲಗೂ ಸಿಗುತ್ತದೆಂದು. ಅಪ್ಪ ಕೊಲ್ಲಾಪುರ ಅಂದ, ಸಂಜೆ ಬಸ್ಸಿಗೆ ಮನೆಗೆ ಬರಬಹುದೆಂದು. ಶೇವಂತಾಳ ಮನಸ್ಸು ಮಾತ್ರ ಪುಣೆಯ ಒಂದು ಕಾಲೇಜಿನ ಮೇಲಿತ್ತು. ಅಲ್ಲಿ ತೌಲನಿಕ ಶಿಕ್ಷಣ ಅಂತ ಒಂದು ವಿಷಯ, ಬೇರೆ ಬೇರೆ ದೇಶಗಳಲ್ಲಿ ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಅನ್ನುವುದು.

“ಜಪಾನಿನ ಸಾಲಿ ತಗೊಂಡ ನಿಪ್ಪಾಣ್ಯಾಗ ಏನ ಮಾಡೋರ್ರಿ ಬಾಯಾರ?” ಅಂದರು ನೇಮಿನಾಥರು.

ಆ ವಾರ ಅಕ್ಕೋಳಕ್ಕೆ ಹೋದಾಗ ತಾಯಿ ಅಕ್ಕುತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶೇವಂತಾ ಪಕ್ಕದಲ್ಲಿ ಕೂತು ದನಿಯ ಸಂಗತಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು.

ಅಕ್ಕುತಾಯಿ ಕೈ ನಿಲ್ಲಿಸಲಿಲ್ಲ. “ನಿನಗಷ್ಟ ಕೇಳಸ್ತೈತಿ ಅಂದ್ಕೊಂಡಿಯೇನ?” ಅಂದಳು. “ಸಾಲಿ ಮುಂದ ಹಾದ ಹೋಗೂದ ಬಿಟ್ಟೇನಿ ನಾ. ಹೊಲಕ್ಕ ಸುತ್ತ ಹಾಕ್ಕೊಂಡ ಹೋಗ್ತೇನಿ.”

ಶೇವಂತಾಳೂ ಮೊರಕ್ಕೆ ಕೈ ಹಾಕಿ ಕಲ್ಲು ಆರಿಸತೊಡಗಿದಳು.

“ಪುಣೆಕ್ಕ ಹೋಗ. ಆದರ ಅಂವ ಸುಮ್ಮಾಗ್ಲಿ ಅಂತ ಹೋಗಬ್ಯಾಡ,” ಅಂದಳು ಅಕ್ಕುತಾಯಿ.

ಪುಣೆಯ ಸಂದರ್ಶನದಲ್ಲಿ ಶೇವಂತಾ ಒಂದೇ ಪ್ರಶ್ನೆ ಕೇಳಿದಳು: ಒಂದೇ ಊರಿನ ಎರಡು ಸಾಲಿಗಳನ್ನು ಹೋಲಿಸಿ ಬರೆಯಬಹುದೇ? ವಯಸ್ಸಾದ ಪ್ರಾಧ್ಯಾಪಕಿ ಕನ್ನಡಕ ತೆಗೆದು ಅವಳನ್ನು ನೋಡಿದರು. “ಮೊದಲು ದೇಶಗಳನ್ನು ಓದು. ಆಮೇಲೂ ನಿನಗೆ ಅದೇ ಬೇಕೆನಿಸಿದರೆ ಬರಿ.”

ಅವಳಿಗೆ ಆಮೇಲೂ ಅದೇ ಬೇಕೆನಿಸಿತು, ಅದನ್ನೇ ಬರೆದಳು. ಆದರೆ ಪುಣೆಯಲ್ಲಿದ್ದಷ್ಟು ಕಾಲ ದನಿ ಕೇಳಿಸಲಿಲ್ಲ. ಮನಸ್ಸು ಹಗುರಾಗಬೇಕಿತ್ತು; ಅದರ ಬದಲು ಸಂತೆಯಲ್ಲಿ ಕೂಸಿನ ಕೈ ಬಿಟ್ಟು ಬಂದವಳ ಹಾಗೆ ಆಗಾಗ ಹಿಂದೆ ತಿರುಗಿ ನೋಡುತ್ತಿದ್ದಳು.

ಮುಂದೆ ಚಿಕ್ಕೋಡಿಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ಐನಾಪುರದಿಂದ ಬಂದಿದ್ದ ಒಬ್ಬ ಹುಡುಗಿ ಕೇಳಿದಳು, “ಬಾಯಾರ, ನೀವು ಈ ತೌಲನಿಕ ಶಿಕ್ಷಣದ ವಿಷಯ ಯಾಕ ಆರಿಸ್ಕೊಂಡ್ರಿ?”

“ಪುಣೆ ನೋಡಬೇಕಂತಿತ್ತು,” ಅಂದಳು ಶೇವಂತಾ, ಮತ್ತು ಪಾಠ ಶುರು ಮಾಡಿದಳು.